ಒಂದು ಛತ್ರಿ ಹಿಡಿದು ತರಗತಿಗೆ ಹೋಗಿ

ಪ್ರಶ್ನೆ: ನಾನು ಕಾಲೇಜಿನಲ್ಲಿ ಪಾಠ ಮಾಡಲು ಶುರುಮಾಡಿ ಎರಡು ವರ್ಷವಾಯಿತು. ಈ ಸಲ ಮೊದಲ ವರ್ಷದವರಿಗೆ ಅಕೌಂಟಿಂಗ್, ಫೈನಾನ್ಸ್, ಮಾರ್ಕೆಟಿಂಗ್ ಹೀಗೆ ವ್ಯವಹಾರ ಅಧ್ಯಯನದ ವಿಭಾಗಗಳನ್ನೂ ಅವುಗಳಿಂದ ಸಿಗುವ ಉದ್ಯೋಗಗಳನ್ನೂ ಪರಿಚಯಿಸುವ ಕೋರ್ಸ್ ನನ್ನ ಹೆಗಲಿಗೆ ಬಿದ್ದಿದೆ. ಇದುವರೆಗೆ ವಾರಕ್ಕೊಂದು ವಿಭಾಗದವರು ಬಂದು ಸ್ಲೈಡ್ ತೋರಿಸಿ ಹೋಗುತ್ತಿದ್ದರಂತೆ. ಕೊನೆಗೆ ವಿದ್ಯಾರ್ಥಿಗಳ ಬಾಯಲ್ಲಿ ಉಳಿಯುವುದು ಒಂದೇ ಪ್ರಶ್ನೆ: "ಇದರಲ್ಲಿ ಯಾವುದಕ್ಕೆ ಸಂಬಳ ಜಾಸ್ತಿ ಮೇಡಂ?" ಇದನ್ನು ಬೇರೆ ರೀತಿಯಲ್ಲಿ ಮಾಡುವುದು ಹೇಗೆ?

ಉತ್ತರ: ಆ ವಾರಕ್ಕೊಂದು ವಿಭಾಗದ ಮೆರವಣಿಗೆಯನ್ನು ನಾನೂ ಏಳೆಂಟು ವರ್ಷ ನಡೆಸಿದ್ದೇನೆ. ಬಂದವರೆಲ್ಲ ತಮ್ಮ ವಿಭಾಗವೇ ಸಂಸ್ಥೆಯ ಬೆನ್ನೆಲುಬು ಎಂದು ಹೇಳಿ ಹೋಗುತ್ತಿದ್ದರು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಕ್ಕಳ ಮುಂದೆ ಆರು ಬೆನ್ನೆಲುಬುಗಳ ವಿಚಿತ್ರ ಪ್ರಾಣಿಯೊಂದು ನಿಂತಿರುತ್ತಿತ್ತು. ಅವರು ಸಂಬಳ ಕೇಳುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಆರಕ್ಕೆ ಆರೂ ಒಂದೇ ತೂಕವಾದಾಗ ತಕ್ಕಡಿಗೆ ಹಾಕಲು ಇನ್ನೇನು ಉಳಿಯುತ್ತದೆ?

ಹದಿನೆಂಟರ ವಯಸ್ಸಿನವರು ವ್ಯವಹಾರವನ್ನು ನೋಡಿರುವುದು ಗಿರಾಕಿಯ ಕಡೆಯಿಂದ ಮಾತ್ರ. ಕೌಂಟರಿನ ಆಚೆ ಏನು ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಮೊದಲ ದಿನ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ನೋಡಿ. ಅಕೌಂಟೆಂಟ್, ಫೈನಾನ್ಸ್‌ನವರು, ಮಾರ್ಕೆಟಿಂಗ್‌ನವರು, ಸಿಬ್ಬಂದಿಯ ವಿಷಯ ನೋಡುವ ಎಚ್‌ಆರ್‌ನವರು, ಆಪರೇಷನ್ಸ್‌ನವರು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಏನು ಮಾಡುತ್ತಿರಬಹುದು ಎಂದು ಬರೆಯಲು ಹೇಳಿ. ನನಗೆ ಬರುತ್ತಿದ್ದ ಉತ್ತರಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗಲಿಲ್ಲ: ತೆರಿಗೆ ಲೆಕ್ಕ ಹಾಕುತ್ತಾರೆ, ಷೇರು ಕೊಳ್ಳುತ್ತಾರೆ, ಜಾಹೀರಾತು ಮಾಡುತ್ತಾರೆ, ಸಂದರ್ಶನ ಮಾಡುತ್ತಾರೆ. ತಯಾರಿಕೆ, ಪೂರೈಕೆ ನೋಡಿಕೊಳ್ಳುವ ಆಪರೇಷನ್ಸ್ ಮುಂದೆ ಬಹುಪಾಲು ಖಾಲಿ ಜಾಗ. ಒಬ್ಬ ಹುಡುಗ "ಡಾಕ್ಟರನ್ನು ಕರೆಸುತ್ತಾರೆ" ಎಂದು ಬರೆದಿದ್ದ. ಚೀಟಿಗಳಿಗೆ ಅಂಕ ಹಾಕಬೇಡಿ, ತೆಗೆದಿಡಿ. ಕೊನೆಯಲ್ಲಿ ಬೇಕಾಗುತ್ತವೆ.

ಎರಡನೆಯ ತರಗತಿಗೆ ಒಂದು ಛತ್ರಿ ಹಿಡಿದುಕೊಂಡು ಹೋಗಿ. ಪುಸ್ತಕ, ಸ್ಲೈಡ್ ಯಾವುದೂ ಬೇಡ. ಛತ್ರಿ ಮಾಡುವ ಸಣ್ಣ ಕಾರ್ಖಾನೆಯೊಂದಿದೆ ಎಂದುಕೊಳ್ಳಿ ಎಂದು ಹೇಳಿ ಬೋರ್ಡಿನ ಮೇಲೆ ನಾಲ್ಕೇ ಸಾಲು ಬರೆಯಿರಿ. ಛತ್ರಿಯೊಂದಕ್ಕೆ ತಗಲುವ ವೆಚ್ಚ 110. ಅಂಗಡಿಗಳಿಗೆ ಮಾರುವ ಬೆಲೆ 150. ಮಾರಿದ್ದು 1,000 ಛತ್ರಿ, ತೊಂಬತ್ತು ದಿನದ ಉದ್ರಿ. ಬಟ್ಟೆ, ಕಡ್ಡಿ, ಹಿಡಿಕೆ ಕೊಟ್ಟವರಿಗೂ ಕೆಲಸಗಾರರಿಗೂ ಹಣ ಸಲ್ಲಬೇಕಾದದ್ದು ಮೂವತ್ತು ದಿನದೊಳಗೆ. ಹಣ ಯಾವ ದೇಶದ್ದಾದರೂ ಇರಲಿ, ಲೆಕ್ಕ ಬದಲಾಗುವುದಿಲ್ಲ.

ಈಗ "ಲಾಭವೆಷ್ಟು?" ಎಂದು ಕೇಳಿ. ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ: 40,000. ಸರಿ. "ಹಾಗಾದರೆ ಮೂವತ್ತನೆಯ ದಿನ ಕೊಡಬೇಕಾದ 1,10,000 ಎಲ್ಲಿಂದ ಬಂತು?" ಎಂದು ಕೇಳಿ. ತರಗತಿ ತಣ್ಣಗಾಗುತ್ತದೆ. ಲಾಭ ಇದೆ, ಗಲ್ಲಾಪೆಟ್ಟಿಗೆ ಖಾಲಿ. ಲಾಭ ಮಾಡುತ್ತಿರುವ ಸಂಸ್ಥೆಯೂ ಹಣವಿಲ್ಲದೆ ಮುಚ್ಚಿಹೋಗಬಹುದು ಎಂಬುದನ್ನು ಅವರು ತಮ್ಮ ಕೈಯಾರೆ ಕಂಡುಕೊಳ್ಳುವ ಗಳಿಗೆ ಇದು. ಅರವತ್ತು ದಿನದ ಆ ಕಂದಕವನ್ನು ತುಂಬುವುದು ಫೈನಾನ್ಸ್‌ನವರ ಕೆಲಸ. ವರ್ಷಕ್ಕೆ ಶೇಕಡಾ 12ರ ಬಡ್ಡಿಗೆ ಸಾಲ ತಂದರೆ ಆ ಅರವತ್ತು ದಿನಕ್ಕೆ ಸುಮಾರು 2,170 ಬಡ್ಡಿ. ಲಾಭ ಅಷ್ಟರಮಟ್ಟಿಗೆ ಕರಗಿತು. ಸಾಲವೇ ತರಬೇಕೇ, ಅಂಗಡಿಯವರಿಗೆ ಸ್ವಲ್ಪ ರಿಯಾಯಿತಿ ಕೊಟ್ಟು ಬೇಗ ಹಣ ಕೊಡಿಸಿಕೊಳ್ಳಬಹುದೇ, ಬಟ್ಟೆಯವರ ಹತ್ತಿರ ಇನ್ನೂ ಮೂವತ್ತು ದಿನದ ವಾಯಿದೆ ಕೇಳಬಹುದೇ? ಫೈನಾನ್ಸ್ ಎಂದರೆ ಷೇರುಪೇಟೆ ಎಂದುಕೊಂಡು ಬಂದವರಿಗೆ ಹೇಳಿ: ಸಂಸ್ಥೆಗಳ ಒಳಗೆ ಈ ವಿಭಾಗದವರ ದಿನ ಕಳೆಯುವುದು ಇಂಥ ಪ್ರಶ್ನೆಗಳ ಜೊತೆಗೇ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವರು ಇದೇ ಕಂದಕವನ್ನು ಮೇಜಿನ ಆಚೆ ಬದಿಯಿಂದ ನೋಡುತ್ತಾರೆ.

ಮುಂದೆ ಕಥೆಗೆ ಒಂದು ಸಣ್ಣ ತಿರುವು ಕೊಡಿ. ಆ ವರ್ಷ ಮಳೆ ಕಡಿಮೆ. ಅಂಗಡಿಯವರು 200 ಛತ್ರಿ ಹಿಂದಿರುಗಿಸಿದರು. ಈಗ ಲಾಭವೆಷ್ಟು? ಮಾರಾಟವಾದ 800ರ ಮೇಲೆ ತಲಾ 40ರಂತೆ 32,000 ಎನ್ನುತ್ತದೆ ಲೆಕ್ಕದ ಪುಸ್ತಕ. ಕೈಗೆ ಬಂದ 1,20,000ದಲ್ಲಿ 1,10,000 ಕಳೆದರೆ ಉಳಿದದ್ದು 10,000 ಎನ್ನುತ್ತದೆ ಗಲ್ಲಾಪೆಟ್ಟಿಗೆ, ಅದೂ ಬಡ್ಡಿ ಕೊಡುವ ಮುಂಚೆ. ನಡುವಿನ 22,000 ಎಲ್ಲಿ ಹೋಯಿತು? ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ: ಗೋದಾಮಿನಲ್ಲಿ ಛತ್ರಿಯಾಗಿ ಕೂತಿದೆ. ಅಲ್ಲಿಗೆ ಬಿಡಬೇಡಿ. ಆ ಛತ್ರಿಗಳು ಇನ್ನೂ ತಲಾ 110 ಬಾಳುತ್ತವೆಯೇ? ಮುಂದಿನ ಮಳೆಗಾಲಕ್ಕೆ ಬಟ್ಟೆ ಮಾಸಿದ್ದರೆ? ಆ ಬಣ್ಣವನ್ನು ಕೇಳುವವರೇ ಇಲ್ಲವಾದರೆ? ದಾಸ್ತಾನಿಗೆ ತಗಲಿದ ವೆಚ್ಚ ಒಂದು ಕಡೆ, ಮಾರಾಟದ ಖರ್ಚು ಕಳೆದು ಅದರಿಂದ ಕೈಗೆ ಬರುವ ಹಣ ಇನ್ನೊಂದು ಕಡೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ತೋರಿಸಬೇಕೆಂಬುದು ಅಂತರರಾಷ್ಟ್ರೀಯ ಲೆಕ್ಕ ಮಾನದಂಡದ ನಿಯಮ. ಆದರೆ ಕೈಗೆ ಎಷ್ಟು ಬರುತ್ತದೆಂದು ನಿಯಮ ಹೇಳುವುದಿಲ್ಲ. ಅದನ್ನು ಒಬ್ಬರು ಕೂತು ಯೋಚಿಸಿ, ಸಮರ್ಥಿಸಿಕೊಳ್ಳುವಂತೆ ನಿರ್ಧರಿಸಬೇಕು.

ಅಕೌಂಟಿಂಗ್ ಎಂದರೆ ಕೂಡುವುದು ಕಳೆಯುವುದು, ಅದನ್ನು ಈಗ ಯಂತ್ರವೇ ಮಾಡುತ್ತದೆ ಎಂದುಕೊಂಡವರಿಗೆ ನಾನು ಇಲ್ಲಿ ನನ್ನದೇ ಒಂದು ಕಥೆ ಹೇಳುತ್ತೇನೆ. ಪಾಠಕ್ಕೆ ಬರುವ ಮೊದಲು ಕೆಲವು ವರ್ಷ ಆಡಿಟ್‌ನಲ್ಲಿದ್ದೆ. ಮೊದಲ ವರ್ಷ ನನ್ನನ್ನು ಒಂದು ಗೋದಾಮಿಗೆ ಕಳಿಸಿದರು, ಪೆಟ್ಟಿಗೆ ಎಣಿಸಲು. ಇಡೀ ದಿನ ಎಣಿಸಿದೆ. ಪಟ್ಟಿಗೂ ನನ್ನ ಎಣಿಕೆಗೂ ಒಂದು ಪೆಟ್ಟಿಗೆಯ ವ್ಯತ್ಯಾಸವೂ ಇರಲಿಲ್ಲ. ಹೆಮ್ಮೆಯಿಂದ ವರದಿ ಕೊಟ್ಟಾಗ ನಮ್ಮ ಹಿರಿಯರು ಕೇಳಿದ್ದು ಒಂದೇ: "ಧೂಳು ಎಷ್ಟಿತ್ತು?" ಮರುದಿನ ಮತ್ತೆ ಹೋಗಿ ಪೆಟ್ಟಿಗೆಗಳ ಮೇಲಿನ ದಿನಾಂಕ ನೋಡಿದೆ. ಗೋಡೆಯ ಕಡೆಯ ಎರಡು ಸಾಲು ಮೂರು ವರ್ಷದಿಂದ ಅಲುಗಾಡಿರಲಿಲ್ಲ. ಎಣಿಕೆ ಸರಿಯಿತ್ತು, ಬೆಲೆ ಸುಳ್ಳಾಗಿತ್ತು. ಅಂದಿನಿಂದ ಗೋದಾಮಿಗೆ ಹೋದರೆ ಮೊದಲು ಬೆರಳಿನಿಂದ ಪೆಟ್ಟಿಗೆಯ ನೆತ್ತಿ ಸವರಿ ನೋಡುವ ಚಟ ಅಂಟಿಕೊಂಡಿತು.

ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿನ ಲೆಕ್ಕ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಗಣಿತಜ್ಞ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವಿವರಿಸಿದ. ಪದ್ಧತಿ ಅವನು ಹುಟ್ಟುಹಾಕಿದ್ದಲ್ಲ, ವ್ಯಾಪಾರಿಗಳು ಆಗಲೇ ಬಳಸುತ್ತಿದ್ದದ್ದು. ಐನೂರು ವರ್ಷ ದಾಟಿದರೂ ಆ ಪದ್ಧತಿ ಹಾಗೇ ನಿಂತಿದೆ. ಎಡವಟ್ಟಾಗುವುದು ಮನುಷ್ಯರ ತೀರ್ಮಾನದಲ್ಲಿ. ಲೆಕ್ಕದಲ್ಲಿ ಸಾಲ ಬಚ್ಚಿಟ್ಟಿದ್ದ ಅಮೆರಿಕದ ಇಂಧನ ಕಂಪನಿ ಎನ್ರಾನ್ 2001ರಲ್ಲಿ ಕುಸಿದಾಗ ಅದರ ಲೆಕ್ಕ ತಪಾಸಣೆ ಮಾಡುತ್ತಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆಯೂ ಜೊತೆಗೇ ಮುಳುಗಿತು. ಅದುವರೆಗೆ ಜಗತ್ತಿನ ದೊಡ್ಡ ಆಡಿಟ್ ಸಂಸ್ಥೆಗಳು ಐದು ಎನ್ನುತ್ತಿದ್ದವರು ಆಮೇಲೆ ನಾಲ್ಕು ಎನ್ನತೊಡಗಿದರು. ಆಡಿಟ್, ತೆರಿಗೆ, ವೆಚ್ಚದ ಲೆಕ್ಕ, ವಂಚನೆ ಪತ್ತೆ ಇವೆಲ್ಲ ಈ ವಿಭಾಗದ ಕವಲುಗಳು ಎಂದು ಇಲ್ಲಿ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ಮೊದಲೇ ಸ್ಲೈಡಿನಲ್ಲಿ ತೋರಿಸಿದರೆ ನಿಲ್ಲುವುದಿಲ್ಲ.

ಮತ್ತೆ ಛತ್ರಿಗೆ ಬನ್ನಿ. ಒಟ್ಟಿಗೆ ಸಾವಿರ ಏಕೆ ಮಾಡಿದರು? ಮುನ್ನೂರು ಮಾಡಿ, ಮಳೆ ನೋಡಿಕೊಂಡು ಮತ್ತೆ ಮುನ್ನೂರು ಮಾಡಬಹುದಿತ್ತಲ್ಲ? ಬಟ್ಟೆ ಬರಲು ನಲವತ್ತೈದು ದಿನ ಬೇಕು, ಅದಕ್ಕೇ ಮಾಡಲಾಗಲಿಲ್ಲ. ಹಾಗಾದರೆ ಬಟ್ಟೆಯನ್ನು ಬಣ್ಣ ಹಾಕದೆ ತರಿಸಿಟ್ಟುಕೊಂಡರೆ? ಈ ಹಾದಿಯಲ್ಲಿ ತಲೆ ಓಡುವವರು ಆಪರೇಷನ್ಸ್, ಸಪ್ಲೈ ಚೈನ್ ಕಡೆಯವರು. ಜನ ಛತ್ರಿ ಕೊಳ್ಳುವುದು ಯಾವಾಗ? ಮನೆಯಲ್ಲಿ ಎರಡು ಬಿದ್ದಿರುತ್ತವೆ, ಆದರೂ ದಾರಿಯಲ್ಲಿ ಮಳೆ ಹಿಡಿದಾಗ ಮೂರನೆಯದನ್ನು ಕೊಳ್ಳುತ್ತಾರೆ. ಹಾಗಿದ್ದರೆ ಛತ್ರಿ ಸಿಗಬೇಕಾದ ಜಾಗ ಯಾವುದು? ಈ ಪ್ರಶ್ನೆ ಕೇಳುವವರು ಮಾರ್ಕೆಟಿಂಗ್‌ನವರು, ಜಾಹೀರಾತಿನ ಮಾತು ಇನ್ನೂ ಬಂದೇ ಇಲ್ಲ ನೋಡಿ. ಯಾವ ಅಂಗಡಿಯಲ್ಲಿ ಎಷ್ಟು ಉಳಿದಿದೆ ಎಂದು ಕಾರ್ಖಾನೆಗೆ ಗೊತ್ತಾದದ್ದು ಮಾಲು ವಾಪಸು ಬಂದಾಗ. ಅದು ದಿನದಿನವೂ ಗೊತ್ತಾಗುವಂತೆ ಮಾಡುವವರು ಮಾಹಿತಿ ವ್ಯವಸ್ಥೆಯವರು. ಮಳೆಗಾಲಕ್ಕೆ ಮುಂಚೆ ಎರಡು ತಿಂಗಳು ಮಾತ್ರ ಬೇಕಾಗುವ ಕೆಲಸಗಾರರನ್ನು ಉಳಿದ ಹತ್ತು ತಿಂಗಳು ಏನು ಮಾಡುವುದು, ಎಷ್ಟು ಛತ್ರಿ ಹೊಲಿದರೆ ಅಷ್ಟು ಕೂಲಿ ಎಂದಾಗ ಹೊಲಿಗೆ ಏಕೆ ಸಡಿಲವಾಗುತ್ತದೆ ಎಂದು ತಲೆಕೆಡಿಸಿಕೊಳ್ಳುವವರು ಎಚ್‌ಆರ್‌ನವರು. ಛತ್ರಿ ಒಂದೇ. ಅದರ ಕಡೆ ನೋಡುವ ಕಣ್ಣು ಬೇರೆ, ಕೇಳುವ ಪ್ರಶ್ನೆ ಬೇರೆ. ನಿಮ್ಮ ಇಡೀ ಕೋರ್ಸಿನಲ್ಲಿ ಮಕ್ಕಳಿಗೆ ದಾಟಿಸಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಎರಡು ಮೂರು ತರಗತಿ ಹಿಡಿಯುತ್ತದೆ. ಆಮೇಲೆ ಮಕ್ಕಳು "ಇದು ನೀವು ಕಟ್ಟಿದ ಲೆಕ್ಕ, ನಿಜದಲ್ಲಿ ಹೀಗೆ ಇರುತ್ತದೆಯೇ?" ಎನ್ನುತ್ತಾರೆ. ನ್ಯಾಯವಾದ ಅನುಮಾನ. ಅದಕ್ಕೆ ನಾನು ಇಟ್ಟುಕೊಂಡಿರುವ ನಿಜ ಕಥೆ ಫೋರ್ಡ್‌ನದು. 1913ರಲ್ಲಿ ಹೆನ್ರಿ ಫೋರ್ಡ್ ಕಾರ್ಖಾನೆಯಲ್ಲಿ ಸರಿಯುವ ಜೋಡಣಾ ಸಾಲು ಬಂತು. ಮಾಡೆಲ್ ಟಿ ಕಾರಿನ ಚಾಸಿ, ಅಂದರೆ ಅಡಿಚೌಕಟ್ಟು, ಜೋಡಿಸಲು ಮೊದಲು ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದದ್ದು ಮರುವರ್ಷದ ಹೊತ್ತಿಗೆ 93 ನಿಮಿಷಕ್ಕೆ ಇಳಿಯಿತು. ಆಪರೇಷನ್ಸ್ ಪಾಠವನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಆದರೆ ದಿನವಿಡೀ ಒಂದೇ ಬೋಲ್ಟು ತಿರುಗಿಸುವ ಆ ಕೆಲಸ ಜನರಿಗೆ ಹಿಡಿಸಲಿಲ್ಲ. ಸೇರಿದವರು ಸೇರಿದಷ್ಟೇ ಬೇಗ ಬಿಟ್ಟು ಹೋದರು. ಖಾಲಿಯಾದ ಜಾಗ ತುಂಬಲು 1913ರಲ್ಲಿ ಇದ್ದ ಕೆಲಸಗಾರರ ಸಂಖ್ಯೆಯ ಮೂರು ಪಟ್ಟಿಗೂ ಹೆಚ್ಚು ಜನರನ್ನು ಹೊಸದಾಗಿ ಸೇರಿಸಿಕೊಳ್ಳಬೇಕಾಯಿತು. ಆಪರೇಷನ್ಸ್‌ನ ಗೆಲುವು ಎಚ್‌ಆರ್‌ನ ತಲೆನೋವಾಯಿತು.

1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಎರಡು ಪಟ್ಟಿಗೂ ಹೆಚ್ಚಿಸಿ 5 ಡಾಲರ್ ಮಾಡಿದ, ಒಂಬತ್ತು ಗಂಟೆಯ ಕೆಲಸವನ್ನು ಎಂಟಕ್ಕೆ ಇಳಿಸಿದ. ಗೇಟಿನ ಮುಂದೆ ಜನ ಮುಗಿಬಿದ್ದರು. ಈ ಕಥೆಯ ಬಾಲವನ್ನು ಮಾತ್ರ ಕತ್ತರಿಸಬೇಡಿ: ಆ 5 ಡಾಲರಿನ ಒಂದು ಭಾಗ ಲಾಭದ ಪಾಲು, ಅದು ಸಿಗಬೇಕಾದರೆ ಕೆಲಸಗಾರನ ಮನೆಗೇ ಕಂಪನಿಯ ತನಿಖೆಯವರು ಬಂದು ಅವನ ಕುಡಿತ, ಉಳಿತಾಯ, ಸಂಸಾರ ಎಲ್ಲ ವಿಚಾರಿಸಿ ಹೋಗುತ್ತಿದ್ದರು. ಕೂಲಿ ಕೊಡುವವನಿಗೆ ಕೆಲಸಗಾರನ ಮನೆಯ ಬಾಗಿಲವರೆಗೆ ಬರುವ ಹಕ್ಕಿದೆಯೇ ಎಂದು ತರಗತಿಯಲ್ಲಿ ಚರ್ಚೆಗೆ ಬಿಟ್ಟರೆ ಗಂಟೆ ಹೊಡೆದದ್ದು ಯಾರಿಗೂ ಕೇಳಿಸುವುದಿಲ್ಲ. ಮನೆಯಿಂದ ಕೆಲಸ ಮಾಡುವವರ ಕಂಪ್ಯೂಟರಿನ ಮೇಲೆ ಕಣ್ಣಿಡುವ ಇಂದಿನ ತಂತ್ರಾಂಶಗಳ ಮಾತು ತಾನಾಗಿ ಬರುತ್ತದೆ.

ಆಮೇಲಿನದು ಮಾರ್ಕೆಟಿಂಗ್ ಮತ್ತು ಫೈನಾನ್ಸ್ ಕಥೆ. ಫೋರ್ಡ್ ಬೆಲೆ ಇಳಿಸುತ್ತ ಒಂದೇ ಕಾರನ್ನು ಮಾಡುತ್ತ ಹೋದ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪು ಬಣ್ಣ ಒಂದರಲ್ಲೇ. ಎದುರಾಳಿ ಕಂಪನಿ ಜನರಲ್ ಮೋಟರ್ಸ್ 1919ರಲ್ಲೇ ಕಾರು ಕೊಳ್ಳಲು ಕಂತಿನ ಸಾಲ ಕೊಡುವ ತನ್ನದೇ ಸಂಸ್ಥೆ ತೆರೆದಿತ್ತು. 1923ರಲ್ಲಿ ಜನರಲ್ ಮೋಟರ್ಸ್ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನ್ ಬೇರೆಬೇರೆ ವರಮಾನದವರಿಗೆ ಬೇರೆಬೇರೆ ಕಾರು ಎಂಬ ದಾರಿ ಹಿಡಿದ. ಜಗತ್ತಿನಲ್ಲೇ ಅಗ್ಗದಲ್ಲಿ ಕಾರು ಮಾಡಬಲ್ಲವನ ಮಾಡೆಲ್ ಟಿ, ಒಂದೂವರೆ ಕೋಟಿಯಷ್ಟು ಮಾರಾಟವಾದ ಮೇಲೂ, 1927ರಲ್ಲಿ ನಿಂತುಹೋಯಿತು. ಯಾರ ತಪ್ಪು? ಒಂದು ವಿಭಾಗದ ಕಣ್ಣಿನಿಂದ ನೋಡಿದರೆ ಉತ್ತರ ಸಿಗುವುದಿಲ್ಲ. ನಾನು ತರಗತಿಯನ್ನು ಐದು ಗುಂಪು ಮಾಡಿ, ಒಂದೊಂದು ಗುಂಪು ಒಂದೊಂದು ವಿಭಾಗದ ಕಡೆಯಿಂದ, 1922ರಲ್ಲಿದ್ದೇವೆ ಎಂದುಕೊಂಡು, ಫೋರ್ಡ್‌ಗೆ ಒಂದು ಪುಟದ ಪತ್ರ ಬರೆಯಬೇಕು ಎಂದು ಹೇಳುತ್ತಿದ್ದೆ. ಎಲ್ಲ ಪತ್ರ ಓದಿದ ಮೇಲೆ ಗುಂಪು ಬದಲಾಯಿಸಿಕೊಳ್ಳಲು ಬಿಡುತ್ತಿದ್ದೆ. ಯಾರು ಯಾವ ಕಡೆಗೆ ಎದ್ದು ಹೋಗುತ್ತಾರೆ ಎಂದು ಸುಮ್ಮನೆ ನೋಡಿ. ಯಾವ ಅಭಿರುಚಿ ಪರೀಕ್ಷೆಗಿಂತಲೂ ಹೆಚ್ಚಿನದನ್ನು ಅದು ಹೇಳುತ್ತದೆ.

ಉಳಿದ ವಿಭಾಗಗಳ ಬಗ್ಗೆ ಚುಟುಕಾಗಿ. ಅರ್ಥಶಾಸ್ತ್ರ ಇಷ್ಟವಾದವರಿಗೆ ಗಣಿತ, ಸಂಖ್ಯಾಶಾಸ್ತ್ರ ಬಿಡಬೇಡಿ ಎಂದು ಈಗಲೇ ಹೇಳಿ. ಅಂತರರಾಷ್ಟ್ರೀಯ ವ್ಯವಹಾರ ಎಂಬುದು ಒಂಟಿಯಾಗಿ ತೆಳು, ಇನ್ನೊಂದು ಭಾಷೆಯ ಜೊತೆಗೋ ಸಪ್ಲೈ ಚೈನ್ ಜೊತೆಗೋ ಚೆನ್ನಾಗಿ ಕೂಡುತ್ತದೆ. ಸ್ವಂತ ಉದ್ಯಮವನ್ನೇ ಒಂದು ವಿಭಾಗವಾಗಿ ಓದುವುದರ ಬಗ್ಗೆ ನನಗೆ ಅನುಮಾನ ಇದೆ. ಉದ್ಯಮ ಮಾಡುವವರಿಗೆ ಮೊದಲು ಬೇಕಾಗುವುದು ಮೇಲಿನ ಗೋದಾಮು, ಗಲ್ಲಾಪೆಟ್ಟಿಗೆಯ ಜ್ಞಾನವೇ. ಸಹೋದ್ಯೋಗಿಗಳು ಇದಕ್ಕೆ ನನ್ನ ಮೇಲೆ ಸಿಟ್ಟಾಗಿದ್ದಾರೆ, ಆಗಲಿ. ಮಾರಾಟದ ಕೆಲಸ ಎಂದರೆ ಮೂಗು ಮುರಿಯುವ ಮಕ್ಕಳಿಗೆ ಮಾತ್ರ ಸ್ವಲ್ಪ ಬಿಸಿ ಮುಟ್ಟಿಸಿ. ಮಾರ್ಕೆಟಿಂಗ್ ಓದಿದವರಿಗೆ ಮೊದಲು ತೆರೆಯುವ ಬಾಗಿಲು ಬಹಳ ಸಲ ಅದೇ. ಗಿರಾಕಿಯ ಮುಖ ನೋಡಿ ಎರಡು ವರ್ಷ "ಬೇಡ" ಎನ್ನಿಸಿಕೊಂಡವರು ಆಮೇಲೆ ಮೀಟಿಂಗಿನಲ್ಲಿ ಗಾಳಿಯಲ್ಲಿ ಮಾತಾಡುವುದಿಲ್ಲ.

ಕಂಪ್ಯೂಟರು ಎಲ್ಲ ಕೆಲಸ ನುಂಗುತ್ತದಲ್ಲ, ಈಗ ಇದನ್ನು ಓದಿ ಏನು ಎಂದೂ ಕೇಳುತ್ತಾರೆ. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಮೊದಲ ಜನಪ್ರಿಯ ಸ್ಪ್ರೆಡ್‌ಶೀಟ್ ಬಂದಾಗಲೂ ಇದೇ ಭಯವಿತ್ತು. ಅದರ ಕಲ್ಪನೆ ಹುಟ್ಟಿದ್ದು ಡ್ಯಾನ್ ಬ್ರಿಕ್ಲಿನ್ ಎಂಬ ವ್ಯವಹಾರ ಅಧ್ಯಯನದ ವಿದ್ಯಾರ್ಥಿಗೇ. ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಮುಂದಿನ ಎಲ್ಲವನ್ನೂ ಅಳಿಸಿ ಮತ್ತೆ ಬರೆಯಬೇಕಾದ ಬೇಸರದಿಂದ. ಬರೀ ಅಂಕಿ ಬರೆದಿಡುವವರ ಕೆಲಸ ಆಮೇಲೆ ಕುಗ್ಗಿತು, "ಬಡ್ಡಿ ಎರಡು ಶೇಕಡಾ ಏರಿದರೆ ಏನಾಗುತ್ತದೆ?" ಎಂದು ಕೇಳಿ ಲೆಕ್ಕ ಹಾಕುವವರ ಕೆಲಸ ಬೆಳೆಯಿತು. ಈ ಸಲವೂ ಹಾಗೇ ಆಗುತ್ತದೆಂದು ಮಕ್ಕಳಿಗೆ ಮಾತು ಕೊಡಬೇಡಿ. ಧೂಳು ಎಷ್ಟಿತ್ತು ಎಂದು ಕೇಳಲು ಬರುವವರ ಬೆಲೆ ಬೇಗ ಇಳಿಯಲಾರದು ಎಂದಷ್ಟೇ ಹೇಳಿ.

ಇನ್ನು ಆ ಸಂಬಳದ ಪ್ರಶ್ನೆ. ಅದನ್ನು ಕೀಳಾಗಿ ನೋಡಬೇಡಿ. ಸಾಲ ಮಾಡಿ ಫೀಸು ಕಟ್ಟಿದ ಮನೆಯ ಮಕ್ಕಳಿಗೆ ಅದನ್ನು ಕೇಳುವ ಹಕ್ಕು ಪೂರ್ತಿ ಇದೆ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಕೊಡಿ. ವಿಭಾಗದ ಸರಾಸರಿ ಸಂಬಳದಲ್ಲಿ ಮೇಲಿನ ನಾಲ್ಕೈದು ಜನರ ದೊಡ್ಡ ಮೊತ್ತ ಉಳಿದವರ ಕಥೆಯನ್ನು ಮುಚ್ಚಿಬಿಡುತ್ತದೆ. ಅನಲಿಸ್ಟ್ ಎಂಬ ಒಂದೇ ಹೆಸರಿನಡಿ ಹತ್ತು ಬಗೆಯ ಕೆಲಸ ಇರುತ್ತದೆ. ಹಾಗಾಗಿ ಆ ದಾರಿಯಲ್ಲಿ ಐದನೆಯ ವರ್ಷಕ್ಕೆ ಏನು ಸಿಗುತ್ತದೆ, ಅಲ್ಲಿಗೆ ಮುಟ್ಟಲು ಡಿಗ್ರಿಯಾದ ಮೇಲೂ ಎಷ್ಟು ಪರೀಕ್ಷೆ ಬರೆಯಬೇಕು, ವರ್ಷದಲ್ಲಿ ಎಷ್ಟು ತಿಂಗಳು ರಾತ್ರಿ ಕೂರಬೇಕು ಎಂದು ಕೇಳಲು ಕಲಿಸಿ. ಆಡಿಟ್‌ನವರಿಗೆ ಲೆಕ್ಕ ಮುಕ್ತಾಯದ ತಿಂಗಳುಗಳಲ್ಲಿ ಹಗಲು ರಾತ್ರಿ ಒಂದೇ. ಹೂಡಿಕೆ ವಿಶ್ಲೇಷಣೆಯ ಸಿಎಫ್‌ಎ ಅರ್ಹತೆಗೆ ಮೂರು ಹಂತದ ಪರೀಕ್ಷೆ, ಬಹುಪಾಲು ಜನ ಕೆಲಸ ಮಾಡುತ್ತಲೇ ಓದುತ್ತಾರೆ. ಇದು ಗೊತ್ತಿದ್ದು ಹೋಗುವುದು ಬೇರೆ, ಹೋದ ಮೇಲೆ ಗೊತ್ತಾಗುವುದು ಬೇರೆ.

ಅತಿಥಿಗಳನ್ನು ಕರೆಸುವಾಗ ದೊಡ್ಡ ಹುದ್ದೆಯವರ ಬೆನ್ನು ಹತ್ತಬೇಡಿ. ಅವರು ಮೊದಲ ಕೆಲಸ ಮಾಡಿ ಮೂವತ್ತು ವರ್ಷವಾಗಿರುತ್ತದೆ, ಅದನ್ನು ಮರೆತೂ ಇರುತ್ತಾರೆ. ಭಾಷಣ ಚೆನ್ನಾಗಿರುತ್ತದೆ, ಫೋಟೋ ಇನ್ನೂ ಚೆನ್ನಾಗಿರುತ್ತದೆ. ನಿಮಗೆ ಬೇಕಾದವರು ಎರಡು ಮೂರು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಕೂತಿದ್ದವರು. ವೇದಿಕೆ, ಹಾರ ಏನೂ ಬೇಡ. ಮಕ್ಕಳ ಕೈಗೆ ಎರಡೇ ಪ್ರಶ್ನೆ ಕೊಟ್ಟಿರಿ: ಕಳೆದ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ? ಅದರಲ್ಲಿ ಯಾವುದು ಮಾಡಲು ಬೇಜಾರು? ಎರಡನೆಯ ಪ್ರಶ್ನೆಗೆ ಬಂದ ಉತ್ತರ ಕೇಳಿ "ಅಯ್ಯೋ, ಅದೇನು ಬೇಜಾರು, ನನಗೆ ಇಷ್ಟವೇ" ಎಂದು ಯಾರಿಗಾದರೂ ಅನ್ನಿಸಿದರೆ ಆ ಹುಡುಗಿಯನ್ನೋ ಹುಡುಗನನ್ನೋ ಆ ವಿಭಾಗದ ಪ್ರಾಧ್ಯಾಪಕರ ಹತ್ತಿರ ಕಳಿಸಿ.

ಪರೀಕ್ಷೆಗೆ ವ್ಯಾಖ್ಯೆಗಳನ್ನು ಕೇಳಬೇಡಿ. ಷೇರುಪೇಟೆಯಲ್ಲಿರುವ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. ನಾಲ್ವರಿಗೊಂದು ವರದಿ ಕೊಟ್ಟು, ಹತ್ತು ಪುಟ ಆರಿಸಿ, ಪ್ರತಿ ಪುಟದ ಹಿಂದೆ ಯಾವ ವಿಭಾಗದವರ ಕೈ ಇದೆ, ಅವರು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ ಎಂದು ಬರೆಸಿ. ಮುಂದಿನ ಬಣ್ಣದ ಪುಟಗಳನ್ನು ಬಿಟ್ಟು ಹಿಂದಿನ ಸಣ್ಣ ಅಕ್ಷರದ ಟಿಪ್ಪಣಿಗಳಿಂದ ಕನಿಷ್ಠ ಐದು ಪುಟ ಇರಲಿ ಎಂದು ಕಟ್ಟುನಿಟ್ಟು ಮಾಡಿ, ಇಲ್ಲದಿದ್ದರೆ ಎಲ್ಲರೂ ಫೋಟೋಗಳ ಬಗ್ಗೆಯೇ ಬರೆಯುತ್ತಾರೆ.

ಕೊನೆಯ ವಾರ ಆ ಚೀಟಿಗಳನ್ನು ಹಿಂದಿರುಗಿಸಿ, ಅದೇ ಪ್ರಶ್ನೆಗೆ ಚೀಟಿಯ ಹಿಂಬದಿಯಲ್ಲಿ ಮತ್ತೆ ಬರೆಯಲು ಹೇಳಿ. ಡಾಕ್ಟರನ್ನು ಕರೆಸುತ್ತಾರೆ ಎಂದಿದ್ದ ಆ ಹುಡುಗ ಹಿಂಬದಿಯಲ್ಲಿ ಬರೆದದ್ದು ಒಂದೇ ಸಾಲು: "ಬಟ್ಟೆಯ ಲಾರಿ ಎಲ್ಲಿದೆ ಎಂದು ಫೋನ್ ಮಾಡುತ್ತಾರೆ, ಹನ್ನೊಂದಕ್ಕೆ ಮತ್ತೆ ಮಾಡುತ್ತಾರೆ."